ಡಬ್ಬಿಯ ಖಾರ, ಡಬ್ಬಿಯ ಮಾಂಸ: ಎರಡಕ್ಕೂ ಒಂದೇ ತಕ್ಕಡಿ ಬೇಡ

(ಬಾಗಲಕೋಟೆಯ ನವನಗರದಲ್ಲಿ ಗೃಹಿಣಿಯರು ಮತ್ತು ಸ್ವಸಹಾಯ ಸಂಘಗಳ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದು, ಡಬ್ಬಿಯಲ್ಲಿ ಬಂದಿದ್ದೆಲ್ಲ ಕೆಟ್ಟದ್ದು. ಈ ಮಾತನ್ನು ನೀವು ಬೇಕಾದಷ್ಟು ಸಲ ಕೇಳಿರುತ್ತೀರಿ. ಅದನ್ನೇ ಮತ್ತೊಮ್ಮೆ ಹೇಳಲು ನಾನು ಬಂದಿಲ್ಲ. ಆಹಾರ ವಿಜ್ಞಾನ ಕಲಿಸುವವಳು ನಾನು, ಮನೆಯಲ್ಲಿ ದಿನಾ ಅಡಿಗೆ ಮಾಡುವವಳೂ ಹೌದು. ನನಗೆ ಅನ್ನಿಸುವುದು ಇಷ್ಟು. ಖಾರಕ್ಕೂ ಮಾಂಸಕ್ಕೂ ಒಂದೇ ಲೆಕ್ಕ ಹಿಡಿಯಬಾರದು. ಖಾರಪುಡಿ, ಚಟ್ನಿ, ಹಣ್ಣು ಮೆಣಸಿನಕಾಯಿ ರುಬ್ಬಿ ಮಾಡುವ ರಂಜಕ ಇವುಗಳಲ್ಲಿ ಅಂಗಡಿಯದೂ ಚೆನ್ನಾಗಿರಬಹುದು, ಮನೆಯದೂ ಕೆಡಬಹುದು. ಯಾರು ಹೇಗೆ ಮಾಡಿದರು ಅನ್ನುವುದರ ಮೇಲೆ ಅದು ನಿಂತಿದೆ. ಮಾಂಸದ್ದು ಹಾಗಲ್ಲ. ಸಾಸೇಜ್, ಸಲಾಮಿ, ಬೇಕನ್, ಹ್ಯಾಮ್ ಎಂಬ, ಉಪ್ಪು, ರಾಸಾಯನಿಕ ಹಾಕಿ ಸಂಸ್ಕರಿಸಿದ ಮಾಂಸಗಳನ್ನು ಎಷ್ಟೇ ದೊಡ್ಡ ಕಂಪನಿ ಎಷ್ಟೇ ಶುಚಿಯಾಗಿ ಮಾಡಲಿ, ಬೆಳಿಗ್ಗೆ ತಂದು ಮಧ್ಯಾಹ್ನ ಮನೆಯಲ್ಲಿ ಬೇಯಿಸಿದ ಮಾಂಸಕ್ಕೆ ಅವು ಸಾಟಿಯಲ್ಲ. ರುಚಿಯ ಮಾತು ಬಿಡಿ, ಆರೋಗ್ಯದ ಲೆಕ್ಕದಲ್ಲೇ ಸಾಟಿಯಲ್ಲ.

ಇಲ್ಲಿ ಮಾಂಸ ಮುಟ್ಟದ ಮನೆಯವರು ಅನೇಕರಿದ್ದೀರಿ. ನಿಮಗೂ ಇದು ಬೇಕಾದ ಮಾತೇ. ನಿಮ್ಮ ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ ಹಾಸ್ಟೆಲ್‌ನಲ್ಲಿ ಏನು ತಿನ್ನುತ್ತಾರೆ ಅಂತ ನಮಗೆ ನಿಮಗೆ ಗೊತ್ತಾಗುವುದಿಲ್ಲ, ಅಲ್ವಾ?

ಮೊದಲು ಸ್ವಲ್ಪ ದೂರದ ಡಬ್ಬಿಯಿಂದ ಶುರು ಮಾಡುತ್ತೇನೆ. ಅಮೆರಿಕದ ಕಿರಾಣಿ ಅಂಗಡಿಗಳಲ್ಲಿ 'ಚಿಲ್ಲಿ' ಅಂತ ಒಂದು ಡಬ್ಬಿ ಸಿಗುತ್ತದೆ. ನಮ್ಮ ಹುಡುಗರು ಅಲ್ಲಿಗೆ ಹೋದ ಹೊಸದರಲ್ಲಿ ಖಾರದ ಆಸೆಗೆ ತರುತ್ತಾರೆ. ತೆರೆದರೆ ಒಳಗೆ ದನದ ಮಾಂಸದ ಗಟ್ಟಿ ಸಾರು ಇರುತ್ತದೆ. ಒಣ ಮೆಣಸಿನಕಾಯಿ, ಜೀರಿಗೆ, ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿ ಬೇಯಿಸಿದ್ದು. ಬಹಳ ಡಬ್ಬಿಗಳಲ್ಲಿ ರಾಜ್ಮಾ ಥರದ ಕಾಳೂ ಇರುತ್ತದೆ. ಇದು ಟೆಕ್ಸಾಸ್ ರಾಜ್ಯದ ಅಡಿಗೆ. 1977ರಲ್ಲಿ ಅಲ್ಲಿನ ವಿಧಾನಸಭೆ ಇದನ್ನೇ ರಾಜ್ಯದ ಅಧಿಕೃತ ತಿನಿಸು ಅಂತ ಸಾರಿತು. ಕಾಳು ಹಾಕಿದರೆ ಅದು ಚಿಲ್ಲಿಯೇ ಅಲ್ಲ ಅಂತ ಜಗಳ ಮಾಡುವವರು ಟೆಕ್ಸಾಸ್‌ನಲ್ಲಿ ಇವತ್ತಿಗೂ ಇದ್ದಾರೆ. ಎಣ್ಣೆಗಾಯಿಗೆ ಬೆಲ್ಲ ಹಾಕಬೇಕೋ ಬೇಡವೋ ಅಂತ ನಮ್ಮಲ್ಲಿ ನಡೆಯುವ ವಾದ ನನಗೆ ನೆನಪಾಗುತ್ತದೆ.

ನನಗೆ ಇದರಲ್ಲಿ ಹಿಡಿಸಿದ್ದು ಏನೆಂದರೆ, ಆ ಅಡಿಗೆ ಹೆಣ್ಣುಮಕ್ಕಳ ಕೈಯಲ್ಲಿ ಬೆಳೆದದ್ದು. 19ನೇ ಶತಮಾನದಲ್ಲಿ ಸ್ಯಾನ್ ಆಂಟೋನಿಯೊ ಊರಿನ ಚೌಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆಯಾದರೆ ಮೇಜು ಹಾಕಿ, ಮನೆಯಲ್ಲಿ ಕುದಿಸಿ ತಂದ ಚಿಲ್ಲಿಯನ್ನು ಬಡಿಸಿ ಮಾರುತ್ತಿದ್ದರು. ಊರಿಗೆ ಬಂದವರೆಲ್ಲ ಅದನ್ನು ತಿನ್ನಲು ಹೋಗುತ್ತಿದ್ದರು. ಮುಂದೆ 1890ರ ದಶಕದಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಮೆಣಸಿನಕಾಯಿ ಮತ್ತು ಮಸಾಲೆ ಸೇರಿಸಿ ಪುಡಿ ಮಾಡಿ ಬಾಟಲಿಯಲ್ಲಿ ಮಾರಲು ಶುರು ಮಾಡಿದ. ಆಮೇಲೆ ಡಬ್ಬಿಗಳು ಬಂದವು. 1930ರ ದಶಕದ ಹೊತ್ತಿಗೆ ನಗರಸಭೆಯ ಆರೋಗ್ಯ ನಿಯಮಗಳು ಬಿಗಿಯಾಗಿ, ಚೌಕದಲ್ಲಿ ಮಾರುತ್ತಿದ್ದ ಹೆಂಗಸರು ಜಾಗ ಬಿಡಬೇಕಾಯಿತು. ಡಬ್ಬಿ ಉಳಿಯಿತು, ಅಡಿಗೆ ಕಂಡುಹಿಡಿದವರು ಬೀದಿಯಿಂದ ಹೋದರು. ಸಂಘದ ಹೆಸರಲ್ಲಿ ರೊಟ್ಟಿ ಚಟ್ನಿ ಮಾರುವ ನೀವು ಈ ಕಥೆಯನ್ನು ಗಮನವಿಟ್ಟು ಕೇಳಬೇಕು. ಶುಚಿತ್ವದ ನಿಯಮ ಬಂದಾಗ ಅದಕ್ಕೆ ತಯಾರಾಗಿ ನಿಂತರೆ ಅಡಿಗೆ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಇನ್ನು ಡಬ್ಬಿ ಅನ್ನುವ ವಿದ್ಯೆ. ಫ್ರಾನ್ಸ್ ಸರ್ಕಾರ ತನ್ನ ಸೈನ್ಯಕ್ಕೆ ಕೆಡದ ಆಹಾರ ಬೇಕೆಂದು ಬಹುಮಾನ ಸಾರಿತ್ತು. ನಿಕೊಲಾ ಅಪೆರ್ ಎಂಬ ಮಿಠಾಯಿ ಮಾಡುವವನು ಕಾಜಿನ ಬಾಟಲಿಗಳಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿ ಇಟ್ಟು ಕಾಯಿಸಿದ. 1810ರಲ್ಲಿ ಅವನಿಗೆ 12,000 ಫ್ರಾಂಕ್ ಸಿಕ್ಕಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದ. ಆಹಾರ ಯಾಕೆ ಕೆಡುವುದಿಲ್ಲ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ವಿಷಯವನ್ನು ವಿಜ್ಞಾನಿ ಲೂಯಿ ಪಾಶ್ಚರ್ ವಿವರಿಸಿದ್ದು ಎಷ್ಟೋ ವರ್ಷಗಳ ನಂತರ.

ಅಂದರೆ ಡಬ್ಬಿಯ ಆಹಾರ ಉಳಿಯುವುದು ಕಾವಿನಿಂದ. ಒಳಗೆ ಏನೋ ವಿಷ ಹಾಕಿದ್ದಾರೆ, ಅದಕ್ಕೇ ಕೆಟ್ಟಿಲ್ಲ ಅಂತ ಜನ ಹೇಳುತ್ತಾರೆ. ಅದು ತಪ್ಪು ತಿಳುವಳಿಕೆ. ಸರಿಯಾಗಿ ಕಾಯಿಸಿ ಸೀಲ್ ಮಾಡಿದ ಡಬ್ಬಿಗೆ ಕೆಡದಂತೆ ತಡೆಯುವ ರಾಸಾಯನಿಕವೇ ಬೇಕಿಲ್ಲ. ಆದರೆ ಕಾವು ಕಡಿಮೆಯಾದರೆ ಏನಾಗುತ್ತದೆ ಅನ್ನುವುದನ್ನು ನೀವು ತಿಳಿದುಕೊಳ್ಳಲೇಬೇಕು.

ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಇದೆ, ಕ್ಲಾಸ್ಟ್ರಿಡಿಯಂ ಬೊಟುಲಿನಂ ಅಂತ. ಅದರ ಬೀಜಕಣ ನೀರು ಕುದಿಸಿದರೂ ಸಾಯುವುದಿಲ್ಲ. ಅದನ್ನು ಸಾಯಿಸಲು ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಗಾಳಿ ಇಲ್ಲದ ಕಡೆ, ಹುಳಿ ಕಡಿಮೆ ಇರುವ ಕಡೆ, ನೀರಿನಂಶ ಇರುವ ಕಡೆ ಅದು ಬೆಳೆದು ವಿಷ ಮಾಡುತ್ತದೆ. ಆ ವಿಷ ನರಗಳನ್ನು ಹಿಡಿಯುತ್ತದೆ. ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟವೇ ನಿಲ್ಲಬಹುದು. 2007ರಲ್ಲಿ ಅಮೆರಿಕದಲ್ಲಿ ಡಬ್ಬಿಯ ಚಿಲ್ಲಿ ಸಾಸ್ ತಿಂದವರು ಹೀಗೆ ಆಸ್ಪತ್ರೆ ಸೇರಿದರು. ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಸಾಕಷ್ಟು ಕಾವು ತಗುಲಿರಲಿಲ್ಲ. ಲಕ್ಷಾಂತರ ಡಬ್ಬಿಗಳನ್ನು ಅಂಗಡಿಗಳಿಂದ ವಾಪಸ್ ಪಡೆಯಬೇಕಾಯಿತು. ಉಬ್ಬಿದ ಡಬ್ಬಿ, ಸೋರುವ ಡಬ್ಬಿ, ತೆರೆದಾಗ ಬುಸ್ಸೆಂದು ಚಿಮ್ಮುವ ಡಬ್ಬಿ ಕಂಡರೆ ನಾಲಿಗೆಗೂ ಹಚ್ಚಬೇಡಿ, ದನ ಕರುಗಳಿಗೂ ಹಾಕಬೇಡಿ.

ಇದನ್ನು ಕೇಳಿ ನಿಮಗೆ, "ಅದಕ್ಕೇ ಮನೆಯದೇ ಚಲೋ" ಅನ್ನಿಸಬಹುದು. ಸ್ವಲ್ಪ ತಡೆಯಿರಿ. 1985ರಲ್ಲಿ ಕೆನಡಾದ ವ್ಯಾಂಕೂವರ್ ಊರಿನಲ್ಲಿ ಇದೇ ವಿಷಕ್ಕೆ 36 ಜನ ಸಿಕ್ಕಿಬಿದ್ದರು. ಕಾರಣ ಎಣ್ಣೆಯಲ್ಲಿ ಹಾಕಿಟ್ಟ ಬಳ್ಳೊಳ್ಳಿ. ಅದು ಒಂದು ಹೋಟೆಲಿನದು, ಆದರೆ ಮನೆಯಲ್ಲಿ ಹಾಗೇ ಇಟ್ಟರೂ ಆಗುವುದು ಅದೇ. ಹೆಚ್ಚಿದ ಬಳ್ಳೊಳ್ಳಿ, ಮೇಲೆ ಎಣ್ಣೆ, ಹುಳಿ ಇಲ್ಲ, ಫ್ರಿಜ್ ಹೊರಗೆ ಇಟ್ಟಿದ್ದು. ಬಳ್ಳೊಳ್ಳಿ ಮಣ್ಣಿನಲ್ಲಿ ಬೆಳೆಯುವ ಗಡ್ಡೆ, ಆ ಬೀಜಕಣ ಅದಕ್ಕೆ ಅಂಟಿಕೊಂಡೇ ಬರಬಹುದು. ಎಣ್ಣೆ ಮುಚ್ಚಿದರೆ ಗಾಳಿ ಹೋಗುತ್ತದೆ. ಬೆಳೆಯಲು ಅದಕ್ಕೆ ಬೇಕಾದ್ದೆಲ್ಲ ಸಿಕ್ಕಂತಾಯಿತು. ಈಗ ನಮ್ಮ ಮನೆಗಳ ಹಸಿ ಚಟ್ನಿ ನೆನೆಸಿಕೊಳ್ಳಿ. ಹಸಿಮೆಣಸಿನಕಾಯಿ, ಹಸಿ ಬಳ್ಳೊಳ್ಳಿ, ಮೇಲೆ ಎಣ್ಣೆ. ಅವತ್ತೇ ತಿಂದು ಮುಗಿಸಿದರೆ ಏನೂ ತೊಂದರೆ ಇಲ್ಲ. ಹುಳಿ ಹಾಕದೆ ಬಾಟಲಿಯಲ್ಲಿ ತುಂಬಿ ವಾರಗಟ್ಟಲೆ ಕಪಾಟಿನಲ್ಲಿ ಇಟ್ಟರೆ ತೊಂದರೆ.

ಹಾಗಾದರೆ ನಮ್ಮ ಹಿರಿಯರ ರಂಜಕ ವರ್ಷಾನುಗಟ್ಟಲೆ ಹೇಗೆ ಉಳಿಯುತ್ತಿತ್ತು? ಉಪ್ಪು ಮತ್ತು ಹುಳಿ, ಎರಡೂ ಕೈ ತುಂಬಾ ಇರುತ್ತಿದ್ದವು. ಸಂಕ್ರಾಂತಿಯ ಆಸುಪಾಸು ಕೆಂಪಗೆ ಹಣ್ಣಾದ ಮೆಣಸಿನಕಾಯಿ ಸಂತೆಗೆ ಬರುತ್ತದೆ. ತೊಟ್ಟು ಇರುವಾಗಲೇ ತೊಳೆಯಬೇಕು. ತೊಟ್ಟು ಕಿತ್ತು ತೊಳೆದರೆ ಆ ತೂತಿನಿಂದ ನೀರು ಒಳಗೆ ಹೋಗುತ್ತದೆ. ಬಟ್ಟೆಯ ಮೇಲೆ ಹರವಿ, ಒರೆಸಿ, ನೆರಳಿನಲ್ಲಿ ಪೂರ್ತಿ ಆರಿದ ಮೇಲೆ ತೊಟ್ಟು ತೆಗೆಯಬೇಕು. ಒಂದು ಕಿಲೋ ಮೆಣಸಿನಕಾಯಿಗೆ 150ರಿಂದ 200 ಗ್ರಾಂ ಉಪ್ಪು. ಹುಳಿಗೆ ಲಿಂಬೆರಸ ಇಲ್ಲವೇ ಹುಣಸೆಹಣ್ಣು. ಬಳ್ಳೊಳ್ಳಿ, ಹುರಿದ ಮೆಂತೆ, ಸಾಸಿವೆ. ರುಬ್ಬುವಾಗ ಒಂದು ಹನಿ ನೀರೂ ಬೇಡ. ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಆ ಲಿಂಬೆ ಇಲ್ಲಿ ರುಚಿಗೆ ಮಾತ್ರ ಅಂತ ತಿಳಿಯಬೇಡಿ. ಅದರ ಹುಳಿಯೇ ಆ ಭರಣಿಯ ಕಾವಲು.

ಇತ್ತೀಚೆಗೆ ಬಿಪಿ ಅಂತ ಹೆದರಿ ಎಲ್ಲರೂ ಉಪ್ಪು ಕಡಿಮೆ ಮಾಡುತ್ತಿದ್ದೇವೆ. ಸಾರಿಗೆ, ಪಲ್ಯಕ್ಕೆ ಕಡಿಮೆ ಮಾಡಿ, ಬಹಳ ಒಳ್ಳೆಯದು. ರಂಜಕಕ್ಕೆ ಉಪ್ಪು ಅರ್ಧ ಮಾಡಿ ಹೊರಗಿಡಬೇಡಿ. ಉಪ್ಪು ಕಡಿಮೆ ಬೇಕೆಂದರೆ ಕಡಿಮೆ ಮಾಡಿ, ಲಿಂಬೆರಸ ಜಾಸ್ತಿ ಹಾಕಿ, ಸಣ್ಣ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ, ಬೇಗ ಮುಗಿಸಿ. ನಮ್ಮ ತಾಯಂದಿರ ಅಳತೆಯಲ್ಲಿ ಒಂದನ್ನು ಬದಲಿಸಿದರೆ ಇಡುವ ಕ್ರಮವನ್ನೂ ಬದಲಿಸಬೇಕಾಗುತ್ತದೆ.

ಉಪ್ಪಿನ ಲೆಕ್ಕ ಇಲ್ಲಿಯೇ ಹೇಳಿಬಿಡುತ್ತೇನೆ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ಯಾಕೆಟ್ ಮೇಲೆ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಬರುತ್ತದೆ. ಆ ಅಮೆರಿಕದ ಚಿಲ್ಲಿ ಡಬ್ಬಿಯಲ್ಲಿ ಒಂದು ಬಟ್ಟಲಿಗೆ ಸುಮಾರು 1000 ಮಿಲಿಗ್ರಾಂ ಸೋಡಿಯಂ ಇರುವುದು ಮಾಮೂಲು. ಅಂದರೆ ಎರಡೂವರೆ ಗ್ರಾಂ ಉಪ್ಪು, ದಿನದ ಅರ್ಧ ಪಾಲು ಒಂದೇ ಬಟ್ಟಲಲ್ಲಿ. ನಮ್ಮ ರಂಜಕದಲ್ಲಿ 10 ಗ್ರಾಂಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ ಉಪ್ಪು ಇರುತ್ತದೆ. ತೂಕಕ್ಕೆ ತೂಕ ಹಿಡಿದರೆ ರಂಜಕದಲ್ಲೇ ಉಪ್ಪು ಬಹಳ. ಆದರೆ ಅದನ್ನು ರೊಟ್ಟಿಯ ಅಂಚಿಗೆ ಹಚ್ಚಿಕೊಂಡು ತಿನ್ನುತ್ತೇವೆ. ಬಟ್ಟಲು ತುಂಬ ಯಾರೂ ತಿನ್ನುವುದಿಲ್ಲ. ಬಿಪಿ ಇದ್ದವರು ಆ ಅಂಚನ್ನೂ ಸಣ್ಣದು ಮಾಡಿಕೊಳ್ಳಿ.

ಒಣ ಚಟ್ನಿಪುಡಿಗಳ ಕಥೆ ಬೇರೆ. ಶೇಂಗಾ ಚಟ್ನಿ, ಗುರೆಳ್ಳು, ಅಗಸಿ, ಪುಟಾಣಿ ಚಟ್ನಿಗಳಲ್ಲಿ ನೀರಿನಂಶ ಇಲ್ಲ, ಹಾಗಾಗಿ ಈ ವಿಷದ ಭಯ ಇಲ್ಲ. ಅವುಗಳಿಗೆ ಇರುವ ಕಂಟಕ ಎಣ್ಣೆಯದು. ಗಾಳಿ, ಬೆಳಕು ತಾಗಿ ಎಣ್ಣೆ ಕಮಟುತ್ತದೆ. ಅಗಸಿ ಎಲ್ಲಕ್ಕಿಂತ ಬೇಗ ಕಮಟುತ್ತದೆ, ಅದರ ಎಣ್ಣೆಯ ಗುಣವೇ ಹಾಗೆ. ಅದಕ್ಕೆ ಅಗಸಿ ಚಟ್ನಿ ಸ್ವಲ್ಪ ಸ್ವಲ್ಪ ಮಾಡಿ. ಒದ್ದೆ ಚಮಚ ಹಾಕಬೇಡಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಖಾರಪುಡಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ನಮ್ಮ ಸೀಮೆಯ ವಸ್ತು. ಮೆಣಸಿನಕಾಯಿ ಮೂಲದಲ್ಲಿ ನಮ್ಮದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಕೈಯಲ್ಲಿ 16ನೇ ಶತಮಾನದಲ್ಲಿ ಗೋವೆಗೆ ಬಂತು. ಗೋವೆಯಿಂದ ಘಟ್ಟ ಹತ್ತಿದರೆ ಬೆಳಗಾವಿ. ಅಲ್ಲಿಂದ ಈಚೆಗೆ ನಾವು ಅದನ್ನು ಎಷ್ಟು ನಮ್ಮದು ಮಾಡಿಕೊಂಡೆವು ನೋಡಿ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹೆಸರಿನ ಮೆಣಸಿನಕಾಯಿ ಖಾರಕ್ಕೆ ಹೆಸರಾಯಿತು. ಹಾವೇರಿಯ ಬ್ಯಾಡಗಿ ಬಣ್ಣಕ್ಕೆ ಹೆಸರಾಯಿತು, 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು. ಬ್ಯಾಡಗಿಯಿಂದ ತೆಗೆದ ಬಣ್ಣದ ಸತ್ವ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೆ ಹೋಗುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಅಂತ ಎರಡನ್ನೂ ತಂದು ತಮ್ಮ ಮನೆಯ ನಾಲಿಗೆಗೆ ತಕ್ಕ ಹಾಗೆ ಬೆರೆಸುವ ಹೆಂಗಸಿನ ಜಾಣ್ಮೆ ಯಾವ ಪ್ಯಾಕೆಟ್‌ನಲ್ಲೂ ಸಿಗುವುದಿಲ್ಲ. ಹವೀಜ, ಜೀರಿಗೆ, ಒಣ ಕೊಬ್ಬರಿ, ಲವಂಗ, ಯಾಲಕ್ಕಿ, ಕಲ್ಲುಹೂವು, ಕರಿದ ಉಳ್ಳಾಗಡ್ಡಿ, ಬಳ್ಳೊಳ್ಳಿ ಸೇರಿಸಿ ಕುಟ್ಟಿಸಿದ ಮಸಾಲಿ ಖಾರ ಪ್ರತಿ ಮನೆಯಲ್ಲೂ ಬೇರೆ. ಸಾರಿನ ವಾಸನೆಯ ಮೇಲೆ ಇದು ಯಾರ ಮನೆಯದು ಅಂತ ಹೇಳುವವರು ನಮ್ಮಲ್ಲಿದ್ದಾರೆ.

ಅಂಗಡಿಯ ಖಾರಪುಡಿಯಲ್ಲಿ ನನಗಿರುವ ಅನುಮಾನ ಬಣ್ಣದ ಬಗ್ಗೆ. 2003ರಲ್ಲಿ ಫ್ರಾನ್ಸ್ ದೇಶದವರು ಭಾರತದಿಂದ ಹೋದ ಖಾರದ ಸಾಮಾನಿನಲ್ಲಿ ಸುಡಾನ್ ಎಂಬ ಬಣ್ಣ ಕಂಡುಹಿಡಿದರು. ಅದು ಮೇಣಕ್ಕೆ, ಎಣ್ಣೆಗೆ, ಪಾಲಿಶ್‌ಗೆ ಹಾಕುವ ಬಣ್ಣ. ಹೊಟ್ಟೆಗೆ ಹಾಕುವಂಥದ್ದಲ್ಲ. 2005ರಲ್ಲಿ ಬ್ರಿಟನ್‌ನಲ್ಲಿ ಅದೇ ಬಣ್ಣದ ಖಾರಪುಡಿ ಒಂದು ಸಾಸ್‌ಗೆ ಸೇರಿ, ಆ ಸಾಸ್ ನೂರಾರು ಸಿದ್ಧ ಆಹಾರಗಳಿಗೆ ಸೇರಿ, ಎಲ್ಲವನ್ನೂ ಅಂಗಡಿಗಳಿಂದ ತೆಗೆಯಬೇಕಾಯಿತು. ಒಂದು ಚೀಲ ಕಲಬೆರಕೆ ಖಾರಕ್ಕೆ ದೇಶದ ಹೆಸರು ಕೆಟ್ಟಿತು. ರೈತರು ವರ್ಷವಿಡೀ ಬೆವರು ಹರಿಸಿ ತಂದ ಬೆಳೆಗೆ ಹೀಗಾದರೆ ನನಗೆ ಬಹಳ ಸಂಕಟವಾಗುತ್ತದೆ.

ಗ್ಲಾಸಿನ ನೀರಿಗೆ ಖಾರಪುಡಿ ಉದುರಿಸಿ ನೋಡುವ ಪರೀಕ್ಷೆ ನಿಮಗೆ ಗೊತ್ತಿದೆ. ಬಣ್ಣದ ಗೆರೆ ಇಳಿದರೆ ಬಣ್ಣ ಹಾಕಿದ್ದಾರೆ, ತಳದಲ್ಲಿ ಇಟ್ಟಿಗೆ ಪುಡಿ ಕೂತರೆ ಕಲಬೆರಕೆ. ಇಷ್ಟು ಸರಿ. ಆದರೆ ಸುಡಾನ್ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಮಾತ್ರ ಕರಗುತ್ತದೆ. ನಿಮ್ಮ ಗ್ಲಾಸು ಅದನ್ನು ತೋರಿಸುವುದಿಲ್ಲ. ಅದಕ್ಕೆ ನನ್ನ ಸಲಹೆ, ಬಿಡಿ ಖಾರಪುಡಿ ಕೊಳ್ಳಬೇಡಿ. ಮೆಣಸಿನಕಾಯಿ ಇಡಿಯಾಗಿ ಕೊಂಡು ಗಿರಣಿಯಲ್ಲಿ ಎದುರು ನಿಂತು ಕುಟ್ಟಿಸಿ. ಅದು ಆಗದಿದ್ದರೆ ಆಹಾರ ಸುರಕ್ಷತಾ ಪರವಾನಗಿಯ (FSSAI) 14 ಅಂಕಿಯ ಸಂಖ್ಯೆ, ತಯಾರಿಸಿದ ತಾರೀಕು ಎರಡೂ ಇರುವ ಪ್ಯಾಕೆಟ್ ತನ್ನಿ.

ಇಡೀ ಮೆಣಸಿನಕಾಯಿ ತಂದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಒಂದು ಕಾಯಿ ಮುರಿದು ಒಳಗೆ ನೋಡಿ. ಬೂದು, ಕಪ್ಪು ಬೂಷ್ಟು ಇದ್ದರೆ ಬಿಡಿ. ಸರಿಯಾಗಿ ಒಣಗದ ಮೆಣಸಿನಕಾಯಿಯಲ್ಲಿ ಬೂಷ್ಟು ಬಂದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಲಿವರ್‌ಗೆ ಅದು ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ತೂಕಕ್ಕೆಂದು ನೀರು ಚಿಮುಕಿಸಿದ ಮಾಲು ಮೆತ್ತಗಿರುತ್ತದೆ, ಮುಷ್ಟಿಯಲ್ಲಿ ಹಿಚುಕಿದರೆ ಸಪ್ಪಳವಾಗುವುದಿಲ್ಲ. ಮನೆಗೆ ತಂದ ಮೇಲೆ ತಾಡಪತ್ರಿಯ ಮೇಲೆ ಮತ್ತೆ ಬಿಸಿಲಿಗೆ ಹಾಕಿ. ನಮ್ಮ ಬಿಸಿಲಿಗೇನು ಕಡಿಮೆ?

ಈ ಮಾತು ಹೇಳುವಾಗ ಒಬ್ಬ ತಂಗಿ ಎದ್ದು ನಿಂತು ಕೇಳಿದಳು. "ಮೇಡಂ, ಮನ್ಯಾಗ ಮಾಡ್ರಿ ಅಂತೀರಿ. ಮುಂಜಾನೆ ಒಂಬತ್ತಕ್ಕ ನಾ ಕೆಲಸಕ್ಕ ಹೋಗಬೇಕು. ಮಾಡೋರ್ಯಾರ್ರಿ?" ಬಹಳ ಸರಿಯಾದ ಪ್ರಶ್ನೆ. ಮೆಣಸಿನಕಾಯಿ ಬಿಡಿಸಿದ ಕೈ ಎರಡು ದಿನ ಉರಿಯುತ್ತದೆ. ಕುಟ್ಟುವಾಗ ಸೀನು, ಕೆಮ್ಮು, ಕಣ್ಣೀರು. ಇದನ್ನೆಲ್ಲ ತಲೆತಲಾಂತರದಿಂದ ಹೆಂಗಸರೇ ಮಾಡುತ್ತಾ ಬಂದರು. ಮನೆ ರುಚಿಯೇ ಬೇಕು ಅಂತ ಊಟಕ್ಕೆ ಕೂತವರು ಹೇಳುವುದು ಸುಲಭ. ಹೇಳುವವರು ಒಂದು ಭಾನುವಾರ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಲಿ, ಗಿರಣಿಗೆ ಚೀಲ ಹೊತ್ತುಕೊಂಡು ಹೋಗಲಿ. ಕೆಲಸಕ್ಕೆ ಹೋಗುವ ಸೊಸೆ ಪ್ಯಾಕೆಟ್ ತಂದರೆ ಅದನ್ನು ಸೋಮಾರಿತನ ಅನ್ನುವ ಹಕ್ಕು ಯಾರಿಗೂ ಇಲ್ಲ.

ನನ್ನ ಪ್ರಕಾರ ದಾರಿ ಇರುವುದು ಇಲ್ಲಿ ಕೂತಿರುವ ಸಂಘಗಳಲ್ಲಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಖಡಕ್ ರೊಟ್ಟಿ, ಚಟ್ನಿ ಮಾಡಿ ಮಾರಿ ಮನೆ ನಡೆಸುವ ಹೆಂಗಸರಿದ್ದಾರೆ. ಅವರ ಹತ್ತಿರ ಹೋಗಿ, ಎಣ್ಣೆ ಯಾವುದು ಹಾಕಿದಿರಿ, ಶೇಂಗಾ ಎಂದು ಹುರಿದಿರಿ ಅಂತ ಕೇಳಬಹುದು. ಅವರು ನಿಂತು ಉತ್ತರ ಕೊಡುತ್ತಾರೆ. ಅಂಥ ಚಟ್ನಿಯನ್ನು ನಾನು ಮನೆಯ ಚಟ್ನಿ ಅಂತಲೇ ಎಣಿಸುತ್ತೇನೆ. ಸಣ್ಣ ಘಟಕಗಳಿಗೆ ಯಂತ್ರ ಕೊಳ್ಳಲು 2020ರಲ್ಲಿ ಕೇಂದ್ರದ ಯೋಜನೆಯೊಂದು ಶುರುವಾಯಿತು. ಸಾಲದ ಜೊತೆ ವೆಚ್ಚದ ಶೇಕಡಾ 35ರಷ್ಟು ಸಹಾಯಧನ, ಗರಿಷ್ಠ 10 ಲಕ್ಷ ರೂಪಾಯಿ. ಮಸಾಲೆ ಕುಟ್ಟುವ ಯಂತ್ರಕ್ಕೆ ಅದು ಈಗಲೂ ಸಿಗುತ್ತದೆಯೇ ಕೇಳಿ. ಲೇಬಲ್ ಮೇಲೆ ತಾರೀಕು ಹಾಕಿ. ನಂಬಿಕೆ ಅದರಿಂದ ಬರುತ್ತದೆ.

ಈಗ ಮಾಂಸ. ಸಾಸೇಜ್, ಸಲಾಮಿ, ಹ್ಯಾಮ್ ಗುಲಾಬಿ ಬಣ್ಣಕ್ಕೆ ಇರುತ್ತವೆ, ನೋಡಿದ್ದೀರಾ? ನಮ್ಮ ಮನೆಯ ಮಟನ್ ಬೆಂದರೆ ಕಂದು ಬಣ್ಣವಾಗುತ್ತದೆ. ಅದು ಬೆಂದರೂ ಗುಲಾಬಿಯೇ. ಕಾರಣ ಸೋಡಿಯಂ ನೈಟ್ರೈಟ್. ಲೇಬಲ್ ಮೇಲೆ 250 ಅನ್ನುವ ಸಂಖ್ಯೆಯಲ್ಲಿ ಇರುತ್ತದೆ. ಅದನ್ನು ಹಾಕುವುದಕ್ಕೆ ಒಂದು ಒಳ್ಳೆಯ ಕಾರಣವೂ ಇದೆ. ಆಗ ಹೇಳಿದೆನಲ್ಲ ಬೊಟುಲಿನಂ, ಅದನ್ನು ಇದು ತಡೆಯುತ್ತದೆ. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ ಈ ವಿಷದ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದದ್ದೇ ಸಾಸೇಜ್ ತಿಂದವರನ್ನು ನೋಡಿ. ಆದರೆ ಇದೇ ನೈಟ್ರೈಟ್ ಮಾಂಸದ ಜೊತೆ ಸೇರಿ, ಜೋರು ಉರಿಯಲ್ಲಿ ಕರಿದಾಗ ಮತ್ತು ಹೊಟ್ಟೆಯೊಳಗೆ, ನೈಟ್ರೋಸಮೈನ್ ಎಂಬ ವಸ್ತುಗಳಾಗುತ್ತದೆ. ಅವು ಕ್ಯಾನ್ಸರ್‌ಗೆ ದಾರಿ ಮಾಡಬಲ್ಲವು.

2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಂಥ ಸಂಸ್ಕರಿಸಿದ ಮಾಂಸವನ್ನು ಒಂದನೇ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಸಾಕಷ್ಟು ಪುರಾವೆ ಇರುವ ಗುಂಪು ಅದು. ತಂಬಾಕೂ ಅದೇ ಗುಂಪಿನಲ್ಲಿದೆ. ಹಾಗಂತ ಒಂದು ಸಾಸೇಜ್ ಒಂದು ಸಿಗರೇಟಿಗೆ ಸಮ ಅಂತ ಅರ್ಥವಲ್ಲ. ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು ಗುಂಪು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಅನ್ನುವುದನ್ನು ಅಲ್ಲ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇಕಡಾ 18ರಷ್ಟು ಜಾಸ್ತಿಯಾಗುತ್ತದೆ ಅಂದರು. 100 ಜನರಲ್ಲಿ 5 ಮಂದಿಗೆ ಬರುವ ಕಡೆ 6 ಮಂದಿಗೆ ಬಂದ ಹಾಗೆ. ಇದು ಹೆದರಿ ನಡುಗುವ ಲೆಕ್ಕವಲ್ಲ. ಆದರೆ ಬೆಳೆಯುವ ಮಗುವಿನ ಡಬ್ಬಿಗೆ ದಿನಾ ಹಾಕುವ ವಸ್ತುವೂ ಅದಲ್ಲ. 50 ಗ್ರಾಂ ಅಂದರೆ ಒಂದೇ ಒಂದು ಸಾಸೇಜ್‌ನಷ್ಟು.

ಮಟನ್ ಬಗ್ಗೆಯೂ ಮುಚ್ಚಿಡದೆ ಹೇಳಬೇಕು. ಕುರಿ, ಮೇಕೆ, ದನ, ಹಂದಿಯ ಕೆಂಪು ಮಾಂಸವನ್ನು ಅದೇ ಸಂಸ್ಥೆ ಅದರ ಕೆಳಗಿನ ಗುಂಪಿಗೆ ಸೇರಿಸಿದೆ, ಕ್ಯಾನ್ಸರ್ ತರುವ ಸಂಭವ ಇದೆ ಅಂತ. ವಾರಕ್ಕೆ ಬೆಂದ ಮಾಂಸ 350ರಿಂದ 500 ಗ್ರಾಂ ದಾಟದಿರಲಿ ಅನ್ನುವುದು ತಜ್ಞರ ಸಲಹೆ. ವಾರಕ್ಕೊಮ್ಮೆ ಭಾನುವಾರ ಮಟನ್ ಮಾಡುವ ಮನೆ ಇದರೊಳಗೇ ಇರುತ್ತದೆ.

ಕೋಳಿಮಾಂಸ ಕೊಚ್ಚಿ ಹಿಟ್ಟು ಹಚ್ಚಿ ಕರಿಯುವ ನಗೆಟ್ಸ್ ಬಗ್ಗೆ ಕೇಳುತ್ತೀರಿ. ಅದರಲ್ಲಿ ಸಾಮಾನ್ಯವಾಗಿ ನೈಟ್ರೈಟ್ ಇರುವುದಿಲ್ಲ, ಆ ಲೆಕ್ಕದಲ್ಲಿ ಸಾಸೇಜ್‌ಗಿಂತ ವಾಸಿ. ಆದರೆ ಲೇಬಲ್ ಓದಿ. ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಕೋಳಿಮಾಂಸದ ಬೆನ್ನಿಗೇ ಮೈದಾ, ಎಣ್ಣೆ, ಪಿಷ್ಟ, ನೀರು ಬಂದರೆ ನೀವು ಮಾಂಸದ ದರದಲ್ಲಿ ಮೈದಾ ಕೊಳ್ಳುತ್ತಿದ್ದೀರಿ. ಇನ್ನೊಂದು ತೊಂದರೆ ನಮ್ಮ ಊರಿನದೇ. ಈ ಪ್ಯಾಕೆಟ್‌ಗಳು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರಬೇಕು, ಕಾರ್ಖಾನೆಯಿಂದ ನಿಮ್ಮ ಮನೆಯವರೆಗೂ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕರೆಂಟ್ ಹೋಗುತ್ತದೆ. ಅಂಗಡಿಯ ಪೆಟ್ಟಿಗೆಯಲ್ಲಿ ಕರಗಿ, ಮತ್ತೆ ಗಟ್ಟಿಯಾದ ಪ್ಯಾಕೆಟ್ ನಿಮ್ಮ ಕೈಗೆ ಬರುತ್ತದೆ. ಒಳಗೆ ತುಂಡುಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗಿದ್ದರೆ, ಮಂಜಿನ ಹರಳು ತುಂಬಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಮಾಂಸ ಇಡುವ ವಿದ್ಯೆ ಕಂಪನಿಗಳೇ ತಂದದ್ದೇನೂ ಅಲ್ಲ. ನಮ್ಮ ಕಡೆ ಬಡವರ ಮನೆಗಳಲ್ಲಿ ಉಪ್ಪು, ಅರಿಷಿಣ ಹಚ್ಚಿ ಮಾಂಸವನ್ನು ಉದ್ದುದ್ದ ಸೀಳಿ ಬಿಸಿಲಿಗೆ ಒಣಗಿಸುತ್ತಿದ್ದರು. ಸಿಕ್ಕಾಗ ಸಿಕ್ಕಿದ್ದನ್ನು ಇಲ್ಲದ ದಿನಕ್ಕೆ ಕೂಡಿಡುವ ದಾರಿ ಅದು. ಆ ಜ್ಞಾನವನ್ನು ಊರು ಕೀಳಾಗಿ ಕಂಡಿತು. ಅದು ಅನ್ಯಾಯ. ಬೆಳಗಾವಿಯ ಕಡೆಯವರಿಗೆ ಗೋವೆಯ ಸಾಸೇಜ್ ಗೊತ್ತು. ಹಂದಿಮಾಂಸಕ್ಕೆ ಉಪ್ಪು, ವಿನೆಗರ್, ಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ ಮಾಲೆ ಕಟ್ಟಿ ಒಣಗಿಸಿದ್ದು. ಇವೂ ಸಂಸ್ಕರಿಸಿದ ಮಾಂಸವೇ. ಆದರೆ ತಿನ್ನುವ ರೀತಿ ನೋಡಿ. ಗೋವೆಯ ಸಾಸೇಜ್‌ನ ಒಂದೆರಡು ಗುಂಡು ಒಡೆದು, ಬಟ್ಟಲು ತುಂಬ ಬಟಾಟೆ, ಉಳ್ಳಾಗಡ್ಡಿ ಜೊತೆ ಬೇಯಿಸಿ ಮನೆಮಂದಿಯೆಲ್ಲ ತಿನ್ನುತ್ತಾರೆ. ಒಣ ಮಾಂಸದ ನಾಲ್ಕು ಚೂರು ಒಂದು ಗಡಿಗೆ ಬೇಳೆಗೆ ಬೀಳುತ್ತಿತ್ತು. ಹಿಂದಿನವರು ಅದನ್ನು ರುಚಿಗೆ ಬಳಸಿದರು. ಈಗ ಅದನ್ನೇ ತಟ್ಟೆಯ ಊಟ ಮಾಡಿಕೊಂಡಿದ್ದೇವೆ. ನನ್ನ ತಕರಾರು ಇರುವುದು ಇಲ್ಲಿ.

ನಮ್ಮ ಜಿಲ್ಲೆಯ ಅಮೀನಗಡದ ಕುರಿ ಸಂತೆಗೆ ಎಲ್ಲೆಲ್ಲಿಂದಲೋ ವ್ಯಾಪಾರಿಗಳು ಬರುತ್ತಾರೆ. ಬಯಲಲ್ಲಿ ಮೇಯ್ದ ಕುರಿ ನಮ್ಮ ಬಾಗಿಲಲ್ಲೇ ಇದೆ. ಅದನ್ನು ಬಿಟ್ಟು ಯಾವುದೋ ಊರಿನ ಕಾರ್ಖಾನೆಯ ಮಾಂಸವನ್ನು ಮಂಜಿನ ಪೆಟ್ಟಿಗೆಯಿಂದ ಯಾಕೆ ತರಬೇಕು? ಬೇಗ ಆಗುವಂಥದ್ದು ಬೇಕೆಂದರೆ ಖೀಮಾ ಇದೆ. ಎದುರಿಗೇ ಕೊಚ್ಚಿಸಿಕೊಳ್ಳಿ, ಮೊದಲೇ ಕೊಚ್ಚಿಟ್ಟದ್ದು ಬೇಡ. ಕೊಚ್ಚಿದ ಮಾಂಸಕ್ಕೆ ಗಾಳಿ, ಕೈ ಎಲ್ಲ ಕಡೆ ತಾಗಿರುತ್ತದೆ, ಬೇಗ ಕೆಡುತ್ತದೆ. ಮನೆಗೆ ಬಂದ ಕೂಡಲೇ ಪುಟಾಣಿ ಹಿಟ್ಟು, ಮಸಾಲಿ ಖಾರ, ಕೊತ್ತಂಬರಿ, ಬಳ್ಳೊಳ್ಳಿ ಸೇರಿಸಿ ಉಂಡಿ ಕಟ್ಟಿ. ಇಡ್ಲಿ ಪಾತ್ರೆಯಲ್ಲಿ ಆವಿಗೆ ಇಟ್ಟು ಒಳಗೆ ಕೆಂಪು ಉಳಿಯದಂತೆ ಬೇಯಿಸಿ. ಆರಿದ ಮೇಲೆ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಶಾಲೆಯ ಡಬ್ಬಿಗೆ ಆಯಿತು. ಬೆಳಿಗ್ಗೆ ತವೆಯ ಮೇಲೆ ಬಿಸಿ ಮಾಡಿ, ರೊಟ್ಟಿಯಲ್ಲಿ ಸುತ್ತಿ ಕೊಡಿ. ನಗೆಟ್ಸ್ ಕರಿಯುವಷ್ಟು ಹೊತ್ತೂ ಹಿಡಿಯುವುದಿಲ್ಲ.

ಕೊನೆಗೆ ಹಿಂದಿನ ಸಾಲಿನ ಒಬ್ಬ ಹಿರಿಯರು ಕೇಳಿದರು. "ಮಗ ಪುಣೇದಾಗ ಅದಾನ್ರಿ. ಬಸ್ಸಿನ್ಯಾಗ ಏನ್ ಕಳಸಬೇಕು, ಏನ್ ಕಳಸಬಾರದು?" ಅಮ್ಮಾ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಸಾಲಿ ಖಾರ, ಖಡಕ್ ರೊಟ್ಟಿ ಧಾರಾಳ ಕಳಿಸಿ. ಉಪ್ಪು, ಲಿಂಬೆ ಸರಿಯಾಗಿ ಬಿದ್ದ ರಂಜಕವನ್ನು ಕಾಜಿನ ಬಾಟಲಿಯಲ್ಲಿ ಕಳಿಸಿ, ತೆರೆದ ಮೇಲೆ ಫ್ರಿಜ್‌ನಲ್ಲಿಡಲು ಹೇಳಿ. ಹಸಿ ಬಳ್ಳೊಳ್ಳಿ ಎಣ್ಣೆಯ ಚಟ್ನಿ ಬೇಡ. ಚಿಕನ್ ಉಪ್ಪಿನಕಾಯಿ, ಮಟನ್ ಉಪ್ಪಿನಕಾಯಿ ಅಂತ ಮನೆಯಲ್ಲಿ ಮಾಡಿ ಬಸ್ಸಿಗೆ ಹಾಕುತ್ತಾರೆ, ಅದೂ ಬೇಡ. ಮಾಂಸದ ಒಳಗೆ ಹುಳಿ ಎಷ್ಟು ಇಳಿದಿದೆ ಅಂತ ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಅವನು ಊರಿಗೆ ಬಂದಾಗ ಬಿಸಿಯಾಗಿ ಮಾಡಿ ಬಡಿಸಿ.